ಮೂರನೆಯ ಕಂಬದ ಮೇಲಿನ ಡಬ್ಬಿ

ಮೇ ತಿಂಗಳ ಕೊನೆಯ ವಾರ ವರದಾ ನದಿಯ ಹಳೇ ಸೇತುವೆಯೊಂದರ ಮೂರನೆಯ ಕಂಬದ ನೆತ್ತಿಗೆ ನಾನು ಒಂದು ತಗಡಿನ ಡಬ್ಬಿ ಬಿಗಿದೆ. ಹಾನಗಲ್ಲಿನಿಂದ ಸವಣೂರಿನ ಕಡೆಗೆ ಹೋಗುವ ಒಳದಾರಿಯ ಸೇತುವೆ ಅದು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಇದನ್ನು ಓದಿದರೆ ಅವರಿಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಮೇಲೆ ಟ್ರ್ಯಾಕ್ಟರೋ ಮೂರು ಗಾಲಿಯ ಟಂಟಂ ಗಾಡಿಯೋ ಹಾದಾಗ ಕಂಬ ಕೂದಲೆಳೆಯಷ್ಟು ಅಡ್ಡಡ್ಡ ಓಲಾಡುತ್ತದೆ. ಆ ಓಲಾಟದಿಂದಲೇ ವಿದ್ಯುತ್ ಹುಟ್ಟಿಸಿಕೊಂಡು, ಬ್ಯಾಟರಿ ಇಲ್ಲದೆ, ಡಬ್ಬಿಯೊಳಗಿನ ಪುಟ್ಟ ರೇಡಿಯೋ ತೊಂಬತ್ತು ದಿನ ನಡೆಯಬೇಕಿತ್ತು. ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುವವಳು. ತೊಂಬತ್ತು ದಿನ ತುಂಬಿದರೆ ನನ್ನ ಯೋಜನೆ ಗೆದ್ದಂತೆ.

ಅವ್ವ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಹಿರೇಕೆರೂರಿನ ಅಕ್ಕನ ಮನೆಯಲ್ಲಿ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಮರುದಿನವೇ ಲ್ಯಾಬಿಗೆ ಬಂದು ತಂತಿ ಸುತ್ತಲು ಕುಳಿತಿದ್ದೆ. ಜನ ನನ್ನನ್ನು ಗಟ್ಟಿಗಿತ್ತಿ ಅಂದರು. ಗಟ್ಟಿತನವೇನೂ ಇರಲಿಲ್ಲ. ಒಳಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಊಟಕ್ಕೆ ಕರೆದರೆ ಉಣ್ಣುತ್ತಿದ್ದೆ, ಬಸ್ಸು ಬಂದರೆ ಹತ್ತುತ್ತಿದ್ದೆ. ಕೈಗೆ ಕೆಲಸವಿದ್ದು ತಲೆಗೆ ಇಲ್ಲದಂಥ ದಿನಗಳು ಬೇಕಿದ್ದವು, ಈ ಸೇತುವೆ ಅಂಥವನ್ನು ಕೊಟ್ಟಿತು.

ಮೊದಲು ಮಾಡಿದ್ದು ಪೀಜೋ ಬಿಲ್ಲೆಗಳ ಪಟ್ಟಿ. ಬಗ್ಗಿಸಿದರೆ ವೋಲ್ಟೇಜು ಕೊಡುವ ಬಿಲ್ಲೆಗಳವು. ಲ್ಯಾಬಿನಲ್ಲಿ ಚೆನ್ನಾಗಿ ನಡೆದವು, ಏಕೆಂದರೆ ಮೇಜನ್ನು ನಡುಗಿಸುವ ಯಂತ್ರಕ್ಕೆ ಸೆಕೆಂಡಿಗೆ ಎಂಬತ್ತು ಸಲ ನಡುಗು ಅಂತ ಹೇಳಿದವಳು ನಾನೇ. ಸೇತುವೆಗೆ ಹಾಗೆ ಹೇಳಲು ಬರುವುದಿಲ್ಲ. ನಾನು ಅಳೆದಾಗ ಮೂರನೆಯ ಕಂಬ ಹತ್ತು ಸೆಕೆಂಡಿಗೆ ಮೂವತ್ತೆರಡು ಸಲ ಓಲಾಡುತ್ತಿತ್ತು, ಅದೂ ಗಾಡಿ ಹಾದು ಹೋದ ಮೇಲೆ ತುಸು ಹೊತ್ತು. ಅಷ್ಟು ನಿಧಾನದ ಓಲಾಟಕ್ಕೆ ಪೀಜೋ ಬಿಲ್ಲೆ ಕಣ್ಣೂ ತೆರೆಯಲಿಲ್ಲ. ಆ ಪಟ್ಟಿಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ.

ಎರಡನೆಯದು ಅಯಸ್ಕಾಂತದ್ದು. ಸ್ಪ್ರಿಂಗ್ ಉಕ್ಕಿನ ಒಂದು ಪಟ್ಟಿ, ಅದರ ತುದಿಗೆ ಅಯಸ್ಕಾಂತ, ಅಯಸ್ಕಾಂತ ತೂಗುವ ಜಾಗದಲ್ಲಿ ತಾಮ್ರದ ಸುರುಳಿ. ಸುರುಳಿ ಸುತ್ತಿಕೊಟ್ಟವರು ಶಿಗ್ಗಾಂವದ ಮೋಟರ್ ವೈಂಡಿಂಗ್ ಅಂಗಡಿಯ ಚಾಚಾ. ನಲವತ್ತು ವರ್ಷ ರೈತರ ಸುಟ್ಟ ಪಂಪುಗಳನ್ನು ಬಿಚ್ಚಿ ಸುತ್ತಿದ ಕೈ. ಕೂದಲಿಗಿಂತ ತೆಳ್ಳಗಿನ ತಂತಿ ನೋಡಿ, "ಇದೇನ್ರಿ ಮೇಡಂ, ಜೇಡರ ಹುಳದ ಮನೀ ಬಿಚ್ಚಿ ತಂದೀರೇನು?" ಅಂದರು. ಎರಡು ಸಲ ತಂತಿ ಹರಿಯಿತು. ಮೂರನೆಯ ಸಲ ಕೂತಿತು. ಆದರೂ ಹುಟ್ಟಿದ್ದು ಅರ್ಧ ವೋಲ್ಟು, ಅದರಲ್ಲಿ ಬಹುಪಾಲನ್ನು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡೇ ತಿಂದುಹಾಕುತ್ತಿತ್ತು. ಇನ್ನಷ್ಟು ಸುತ್ತು ಬೇಕು ಅಂದೆ. ಚಾಚಾ ಬೈಯದೆ ಮತ್ತೆ ಸುತ್ತಿದರು, ಈ ಸಲ ಸಾಕಾಯಿತು.

ಇಂಥ ಡಬ್ಬಿಯ ಗುಟ್ಟೆಲ್ಲ ಲಯದಲ್ಲಿದೆ. ಜೋಕಾಲಿ ತೂಗುವವರಿಗೆ ಇದು ಗೊತ್ತು: ಅದು ಹೋಗಿ ಬರುವ ಹೊತ್ತಿಗೆ ಸರಿಯಾಗಿ ತಳ್ಳಿದರೆ ಒಂದು ಬೆರಳೂ ಸಾಕು, ಹೊತ್ತು ತಪ್ಪಿ ತಳ್ಳಿದರೆ ತೋಳು ನೋಯುತ್ತದೆ, ಜೋಕಾಲಿ ಏರುವುದಿಲ್ಲ. ನನ್ನ ಪಟ್ಟಿಯೂ ಹತ್ತು ಸೆಕೆಂಡಿಗೆ ಮೂವತ್ತೆರಡು ಸಲವೇ ತೂಗಬೇಕು. ಒಂದೆರಡು ಹೆಚ್ಚುಕಡಿಮೆಯಾದರೂ ಸಿಗುವುದು ಅರ್ಧಕ್ಕಿಳಿಯುತ್ತದೆ. ಲಯ ಕೂಡಿಸಲು ಪಟ್ಟಿಯ ತುದಿಗೆ ಭಾರ ಕಟ್ಟುತ್ತಿದ್ದೆ. ಭಾರ ಹೆಚ್ಚಾದಷ್ಟೂ ಅದು ನಿಧಾನ ತೂಗುತ್ತದೆ. ಭಾರಕ್ಕೆ ಹೊಳೆಯಲ್ಲಿ ಮೀನು ಹಿಡಿಯುವ ಅಂಬಿಗನೊಬ್ಬ ತನ್ನ ಬಲೆಯಿಂದ ಸೀಸದ ಗುಂಡು ಬಿಚ್ಚಿ ಒಂದು ಹಿಡಿ ಕೊಟ್ಟಿದ್ದ.

ಸೇತುವೆಯ ಹಾನಗಲ್ ಕಡೆಯ ತುದಿಯಲ್ಲಿ ಒಂದು ಚಹಾದಂಗಡಿ. ಅದನ್ನು ನಡೆಸುವಾಕೆಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಡಬ್ಬಿಯಲ್ಲಿ ವಿದ್ಯುತ್ ಕೂಡಿಡುವ ಕೆಪಾಸಿಟರ್ ತುಂಬಿದಾಗಲೆಲ್ಲ ರೇಡಿಯೋ ಒಂದು ಸಂದೇಶ ಕಳಿಸಿ ಮತ್ತೆ ಮಲಗುತ್ತದೆ. ಸಂದೇಶ ಹಿಡಿಯುವ ಪೆಟ್ಟಿಗೆಯನ್ನು ಆಯಿಯ ಅಂಗಡಿಯಲ್ಲಿಟ್ಟೆ. ಸಂದೇಶ ಬಂದರೆ ಅದು ಒಮ್ಮೆ ಕೂಗಿ, ಬೆಂಕಿಕಡ್ಡಿಯ ತಲೆಯಷ್ಟು ಹಸಿರು ದೀಪ ಹೊತ್ತಿಸುತ್ತಿತ್ತು.

ಮೊದಲ ದಿನ ಆಯಿ ಆ ದೀಪ ನೋಡಿ, "ಇಷ್ಟ ಬೆಳಕಿಗೆ ಇಷ್ಟೊಂದು ಓದಬೇಕೇನ್ರಿ ಅಕ್ಕೋರ?" ಅಂದಳು.

"ಇನ್ನೂ ಓದಾಕತ್ತೇನಿ ಆಯಿ," ಅಂದೆ.

ಅಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದ್ದುದರಿಂದ ಪೆಟ್ಟಿಗೆಯೊಳಗಿನ ದಾಖಲೆ ಆಗಾಗ ಅಳಿಸಿಹೋಗುತ್ತಿತ್ತು. ಒಂದು ಟಾರ್ಚಿನ ಬ್ಯಾಟರಿಯಿಂದ ಕೂಗು ಮಾತ್ರ ಉಳಿಯುವಂತೆ ಮಾಡಿಕೊಟ್ಟೆ. ಉಳಿದದ್ದನ್ನು ಆಯಿ ನೋಡಿಕೊಂಡಳು. ಪೆಟ್ಟಿಗೆ ಒಮ್ಮೆ ಕೂಗಿದರೆ ಒಂದು ಹುಣಸೆ ಬೀಜವನ್ನು ಚರಿಗೆಗೆ ಹಾಕುವುದು, ಸಂಜೆ ಎಣಿಸಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುವುದು. ನಾನು ವಾರಕ್ಕೆರಡು ಸಲ ಹೋಗಿ ಗೋಡೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ದಿನಕ್ಕೆ ಇಪ್ಪತ್ತು, ಇಪ್ಪತ್ತೆರಡು, ಹತ್ತೊಂಬತ್ತು. ಮೊದಲ ವಾರದ ನಡುವೆ ಒಂದು ದಿನ ಆರಕ್ಕೆ ಇಳಿದಿತ್ತು. ಡಬ್ಬಿ ಕೆಟ್ಟಿತೆಂದು ಹಗ್ಗದ ಏಣಿ ಇಳಿಬಿಡಲು ಹೊರಟೆ.

"ಅದು ಕೆಟ್ಟಿಲ್ರಿ. ಅವತ್ತು ಸೋಮಾರ," ಅಂದಳು ಆಯಿ.

ಸೋಮವಾರ ಈ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಟ್ರ್ಯಾಕ್ಟರು ಬಂದ ಮೇಲೂ ಎಷ್ಟೋ ಮನೆಗಳು ಅದಕ್ಕೂ ಸೋಮವಾರದ ರಜೆ ಕೊಡುತ್ತವೆ. ಹೊಲಕ್ಕೆ ಹೋಗುವ ಗಾಡಿ ಇಲ್ಲದಿದ್ದರೆ ಸೇತುವೆ ಓಲಾಡುವುದಿಲ್ಲ, ಬೀಜ ಬೀಳುವುದಿಲ್ಲ. ನಾನು ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ಲೆಕ್ಕ ಹಾಕುವಾಗ ಮರೆತಿದ್ದೆ. ಅಂದಿನಿಂದ ಬೀಜ ಕಡಿಮೆಯಾದ ದಿನ ನಾವಿಬ್ಬರೂ ಮೊದಲು ವಾರ ನೋಡುತ್ತಿದ್ದೆವು. ಸೋಮವಾರವಲ್ಲದಿದ್ದರೆ ಅಮಾವಾಸ್ಯೆ, ಅದೂ ಅಲ್ಲದಿದ್ದರೆ ಮಳೆ. ಕಡಿಮೆಯಾದದ್ದಕ್ಕೆಲ್ಲ ಊರಿನೊಳಗೇ ಒಂದು ಕಾರಣ ಸಿಗುತ್ತದೆಂಬ ಅಭ್ಯಾಸ ನಮಗೆ ಹತ್ತಿತು.

ಜುಲೈ ಮೊದಲ ವಾರ ಗೋಡೆಯ ಮೇಲೆ ಹನ್ನೆರಡು, ಹನ್ನೊಂದು, ಹತ್ತು ಅಂತ ಬರೆದಿತ್ತು. ಅದಕ್ಕೂ ಹಿಂದಿನ ವಾರ ಹೊಳೆ ತುಂಬಿ ಹರಿದಿತ್ತು. ಮಳೆಗೆ ಗಾಡಿ ಬಂದಿರಲಿಕ್ಕಿಲ್ಲ ಅಂದುಕೊಂಡೆ. ಆಯಿ ಒಪ್ಪಲಿಲ್ಲ.

"ಗಾಡಿ ಬಂದಾವ್ರಿ. ಎಡಿ ಹೊಡ್ಯಾಕ ಎಲ್ಲಾರೂ ಹೊಲಕ್ಕ ಹೋಗ್ಯಾರ. ನಾ ಎಷ್ಟ ಕಪ್ಪ ತೊಳದೇನಿ ನನಗ ಗೊತ್ತಿಲ್ಲೇನು?"

ಹಾಗಾದರೆ ಡಬ್ಬಿಯದೇ ತಪ್ಪು. ಉಕ್ಕಿನ ಪಟ್ಟಿ ತಂಪಿಗೆ ಸಡಿಲಾಗಿರಬೇಕು ಅಂತ ತೀರ್ಮಾನಿಸಿದೆ. ಏಣಿಯಲ್ಲಿಳಿದು, ಒಂದು ಗುಂಡು ಬಿಚ್ಚಿ ನೋಡಿದೆ, ಇನ್ನೂ ಕಡಿಮೆಯಾಯಿತು. ಎರಡು ಗುಂಡು ಹೆಚ್ಚಿಗೆ ಕಟ್ಟಿದೆ, ಏರಿತು. ಮರುದಿನ ಇಪ್ಪತ್ತೊಂದು ಬೀಜ. ನೋಟ್‌ಬುಕ್ಕಿನಲ್ಲಿ ‘ಪಟ್ಟಿ ಸಡಿಲ, ಭಾರ ಸರಿಪಡಿಸಿದೆ’ ಅಂತ ಬರೆದೆ. ಎರಡು ವಾರ ಕಳೆದು ಮತ್ತೆ ಇಳಿಯಿತು. ಮತ್ತೆ ಎರಡು ಗುಂಡು ಕಟ್ಟಿದೆ, ಅದೇ ಮಾತು ಬರೆದೆ. ಯಾಕೆ ಅಂತ ನಾನು ಕೇಳಿಕೊಳ್ಳಲಿಲ್ಲ. ಆ ದಿನಗಳಲ್ಲಿ ನಾನು ಯಾವುದನ್ನೂ ಯಾಕೆ ಅಂತ ಕೇಳುತ್ತಿರಲಿಲ್ಲ. ಇಳಿದರೆ ಭಾರ ಹಾಕುವುದು, ಏರಿದರೆ ಬಸ್ಸು ಹತ್ತುವುದು.

ಆಗಸ್ಟಿನ ಎರಡನೆಯ ವಾರ ಮೂರನೆಯ ಸಲ ಇಳಿಯಿತು. ಎಪ್ಪತ್ತು ದಿನ ದಾಟಿತ್ತು. ಇನ್ನೆರಡು ವಾರ ನಡೆದರೆ ಮುಗಿಯಿತು. ಚೀಲದಲ್ಲಿ ಗುಂಡುಗಳಿದ್ದವು. ಆದರೆ ಪಟ್ಟಿ ಇಷ್ಟು ಬೇಗ ಬೇಗ ಸಡಿಲಾದರೆ ನಡುವೆಯೇ ಮುರಿದೀತೆಂದು, ಒಂದು ದಿನದ ಮಟ್ಟಿಗೆ ಡಬ್ಬಿ ಬಿಚ್ಚಿಕೊಂಡು ಶಿಗ್ಗಾಂವಕ್ಕೆ ಹೋದೆ. ಹೊಸ ಪಟ್ಟಿ ಹಾಕಿಸಬೇಕೆಂದಿದ್ದೆ.

ಚಾಚಾ ಕನ್ನಡಕ ಏರಿಸಿ, ತುದಿಯಲ್ಲಿ ಗೊಂಚಲಾಗಿದ್ದ ಸೀಸದ ಗುಂಡುಗಳನ್ನು ನೋಡಿದರು. "ಇಷ್ಟ್ಯಾಕ ಹಾಕೀರಿ?"

"ಪಟ್ಟಿ ಸಡ್ಲ ಆಗೇತ್ರಿ ಚಾಚಾ. ಭಾರ ಹಾಕಿದ ಮ್ಯಾಲೆ ಸರಿ ಆಗಾಕತ್ತೈತಿ."

ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಒಂದು ಪಂಪಿನ ಗಿರಾಕಿಗೆ ನಾಳೆ ಬಾ ಅಂತ ಹೇಳಿ ಕಳಿಸಿದರು. ಆಮೇಲೆ ನಿಧಾನವಾಗಿ ಹೇಳಿದರು.

"ಪಟ್ಟಿ ಸಡ್ಲ ಆದ್ರ ಮೆಲ್ಲಕ ತೂಗ್ತೈತಿ, ಹೌದಿಲ್ರಿ?"

"ಹೌದ್ರಿ."

"ಭಾರ ಹಾಕಿದ್ರೂ ಮೆಲ್ಲಕ ತೂಗ್ತೈತಿ."

"ಹೌದ್ರಿ."

"ಮತ್ತ ಸಡ್ಲ ಆಗಿದ್ದಕ್ಕ ಭಾರ ತಗೀಬೇಕಿತ್ತಲ್ಲ ಮೇಡಂ. ನೀವು ಹಾಕೀರಿ. ಹಾಕಿದ್ದಕ್ಕ ಚಲೋ ನಡೀತು ಅಂತೀರಿ. ಹಂಗಂದ್ರ ಮೆಲ್ಲಕ ಆಗಿದ್ದು ಇದಲ್ಲ. ಇದನ್ನ ಯಾವುದಕ್ಕ ಕಟ್ಟೀರೋ, ಅದು."

ಹೆಚ್ಚಿನ ಗುಂಡುಗಳನ್ನೆಲ್ಲ ಬಿಚ್ಚಿ ಪಟ್ಟಿಯನ್ನು ಮೀಟಿ ಫೋನಿನಲ್ಲಿ ಚಿತ್ರ ಹಿಡಿದು ಎಣಿಸಿದೆವು. ಹತ್ತು ಸೆಕೆಂಡಿಗೆ ಮೂವತ್ತೆರಡು. ಮೇ ತಿಂಗಳಲ್ಲಿ ಇದ್ದಷ್ಟೇ. ಪಟ್ಟಿಗೆ ಏನೂ ಆಗಿರಲಿಲ್ಲ. ಮೊದಲ ವರ್ಷದ ಹುಡುಗರಿಗೆ ನಾನೇ ಹಲಗೆಯ ಮೇಲೆ ಬರೆದು ಕಲಿಸುವ ಪಾಠ ಇದು. ನನಗೆ ನಾಚಿಕೆಯಾಗಬೇಕಿತ್ತು, ಭಯವಾಗಬೇಕಿತ್ತು. ಎರಡೂ ಆಗಲಿಲ್ಲ. ಚಾಚಾ ತರಿಸಿದ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಬಸ್‌ಸ್ಟ್ಯಾಂಡಿಗೆ ನಡೆದೆ.

ಮರುದಿನ ಬೆಳಿಗ್ಗೆ ಓಲಾಟ ಅಳೆಯುವ ಉಪಕರಣವನ್ನು ನೇರವಾಗಿ ಕಂಬದ ನೆತ್ತಿಗೇ ಅಂಟಿಸಿ ಏಣಿಯ ಮೇಲೆ ಕಾದೆ. ಮೊದಲು ಬಂದದ್ದು ಶಾಲೆಯ ಟಂಟಂ. ಅದರಲ್ಲಿ ಆಯಿಯ ಮೊಮ್ಮಗಳೂ ಇದ್ದಳು. ಹೊಳೆಯಾಚೆಯ ಶಾಲೆಗೆ ದಿನಾ ಅದರಲ್ಲೇ ಹೋಗುತ್ತಿದ್ದಳು. ಹನ್ನೆರಡು ಮಕ್ಕಳು, ಹೊರಗೆ ಜೋತಾಡುವ ಚೀಲಗಳು. ಗಾಡಿ ನನ್ನ ತಲೆಯ ಮೇಲೆ ಹಾದುಹೋಯಿತು. ಪರದೆಯ ಮೇಲಿನ ಗೆರೆಯಲ್ಲಿ ಹತ್ತು ಸೆಕೆಂಡಿನ ಓಲಾಟ ಎಣಿಸಿದೆ. ಇಪ್ಪತ್ತಾರು. ಇನ್ನೊಂದು ಟ್ರ್ಯಾಕ್ಟರು ಬರುವ ತನಕ ಕಾದು ಮತ್ತೆ ಎಣಿಸಿದೆ. ಇಪ್ಪತ್ತಾರೇ. ಎರಡನೆಯ, ನಾಲ್ಕನೆಯ ಕಂಬಗಳಿಗೂ ಹೋಗಿ ಅಳೆದೆ. ಅವು ಮೇ ತಿಂಗಳಲ್ಲಿ ಅಳೆದಾಗ ಇದ್ದಂತೇ ಇದ್ದವು.

ಕಂಬ ಸಣ್ಣದಾಗುವುದಿಲ್ಲ, ಭಾರವೂ ಆಗುವುದಿಲ್ಲ. ಅದರ ಓಲಾಟ ನಿಧಾನವಾಯಿತೆಂದರೆ ಅದನ್ನು ಹಿಡಿದಿರುವುದು ಸಡಿಲವಾಗಿದೆ ಎಂದೇ ಅರ್ಥ. ಹೊಳೆಯ ಸೆಳೆತಕ್ಕೆ ಬುಡದ ಮಣ್ಣು ಹೋದರೆ ಹಾಗಾಗುತ್ತದೆ.

ಸೇತುವೆ ನೋಡಿಕೊಳ್ಳುವ ಇಲಾಖೆಯ ಸಾಹೇಬರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. ಕೂರಿಸಿ, ನನ್ನ ಕಾಗದಗಳನ್ನೆಲ್ಲ ತಿರುವಿ ನೋಡಿದರು.

"ಮೇಡಂ, ಡಬ್ಬಿ ನೀವ ಮಾಡಿದ್ದು, ಲೆಕ್ಕ ಹುಣಸೀ ಬೀಜದ್ದು. ಇದನ್ನ ಇಟಗೊಂಡು ನಾ ಮ್ಯಾಲಿನವರಿಗೆ ರಸ್ತೆ ಬಂದ್ ಮಾಡ್ರಿ ಅಂತ ಹ್ಯಾಂಗ ಬರೀಲಿ? ಹೊಳಿ ಇಳೀಲಿ. ದೀಪಾವಳಿ ಹೊತ್ತಿಗೆ ನೋಡಿಸ್ತೇನಿ."

"ಯಾರರ ಕೆಳಗ ಇಳದು ನೋಡಿ ಬಂದು ಹೇಳಿದ್ರ?"

"ಹೇಳಿದ್ರ ಅವತ್ತ ಬರ್ತೇನಿ. ಆದ್ರ ಈ ನೀರಾಗ ಯಾರ ಇಳೀತಾರ್ರಿ?"

ಅವರ ಮಾತು ತಪ್ಪೆನ್ನಲು ಬರುವಂತಿರಲಿಲ್ಲ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆ. ಮನವಿ ಕೊಟ್ಟಾಗಿದೆ, ನನ್ನ ಕೆಲಸ ಮುಗಿಯಿತು ಅಂತ ಅಂದುಕೊಳ್ಳಬಹುದಿತ್ತು. ಬಿಚ್ಚಿದ ಗುಂಡುಗಳ ಜೊತೆ ಇನ್ನೆರಡು ಕಟ್ಟಿ ಡಬ್ಬಿ ಬಿಗಿದರೆ ತೊಂಬತ್ತು ದಿನ ತುಂಬುತ್ತಿತ್ತು. ಸೇತುವೆ ಬಂದಾದರೆ ಡಬ್ಬಿಗೆ ಓಲಾಟವೇ ಇಲ್ಲ, ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಇದೆಲ್ಲವನ್ನೂ ಬೇರೆ ಯಾರದೋ ವಿಷಯದಂತೆ ಯೋಚಿಸಿದೆ. ಹೊಳೆಯ ಕಡೆ ಹೋಗುವ ಬಸ್ಸು ಬಂತು, ಹತ್ತಿದೆ. ಬಸ್ಸಿನಲ್ಲಿ ಕೂತು ಅಂಬಿಗನಿಗೆ ಫೋನು ಮಾಡಿದೆ.

ಮಳೆ ನಾಲ್ಕು ದಿನದಿಂದ ಬಿಡುವು ಕೊಟ್ಟಿತ್ತು. ಅಂಬಿಗ ದಡದಲ್ಲಿ ಕೂತು ಬಹಳ ಹೊತ್ತು ನೀರು ನೋಡಿದ. ಇಳಿಯಬೇಡ ಅನ್ನಿಸಿದರೆ ಇಳಿಯಬೇಡ ಅಂದೆ.

"ಸೆಳವು ಕಡಿಮಿ ಆಗೈತ್ರಿ ಅಕ್ಕೋರ. ಈ ಮಡುವಿನ್ಯಾಗ ನಾ ಸಣ್ಣಾಂವಿದ್ದಾಗಿಂದ ಮುಳಗಾಕತ್ತೇನಿ," ಅಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಹಗ್ಗದ ಇನ್ನೊಂದು ತುದಿಯನ್ನು ಅವನ ತಮ್ಮ, ಆಯಿ, ನಾನು ಹಿಡಿದೆವು.

ಮೊದಲ ಮುಳುಗಿಗೆ ಏನೂ ಸಿಗಲಿಲ್ಲ, ನೀರು ರಾಡಿ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಲ ಹಗ್ಗ ನಮ್ಮ ಕೈಯಿಂದ ಜಾರುತ್ತ ಕಂಬದ ಕಡೆಗೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಆಯಿ ಬಾಯಲ್ಲಿ ಶಿವಶಿವ ಅನ್ನುತ್ತಿದ್ದಳು. ಅವನು ಮೇಲೆ ಬಂದಾಗ ಕಂಬದ ಈಚೆ ಅಲ್ಲ, ಆಚೆ ಬದಿಯಲ್ಲಿ ಬಂದ. ದಡಕ್ಕೆ ಬಂದು ಕೂತು ಕೆಮ್ಮಿದ. 

"ಬುಡದಾಗ ಮಣ್ಣಿಲ್ರಿ. ಒಂದ ಮೂಲಿಗೆ ಅಷ್ಟ ಕುಂತೈತಿ. ನಾ ಕಂಬದ ಕೆಳಗ ಹೊಕ್ಕು ಆ ಕಡೆ ಹೊಂಟೆ."

ಆಯಿ ಹಗ್ಗ ಕೈಬಿಟ್ಟಳು. ದಡ ಹತ್ತಿ ಅಂಗಡಿಗೆ ಹೋದವಳು ಗಿರಾಕಿಗಳು ಕೂರುವ ಬಾಕನ್ನು ಎಳೆದು ತಂದು ಸೇತುವೆಯ ಬಾಯಿಗೆ ಅಡ್ಡ ಇಟ್ಟಳು. ಅದರ ಮೇಲೆ ನೀರಿನ ಬ್ಯಾರಲ್ಲು, ಅದರ ಪಕ್ಕಕ್ಕೆ ತಾನು. ಅಂಬಿಗನ ತಮ್ಮ ಆಚೆ ದಡಕ್ಕೆ ಹೋಗಿ ನಿಂತ. ಸಂಜೆ ಶಾಲೆಯ ಟಂಟಂ ಆಚೆಯೇ ನಿಂತಿತು. ಮಕ್ಕಳು ದೋಣಿಯಲ್ಲಿ ಬಂದರು. ಗೊಬ್ಬರ ಹೇರಿದ ಟ್ರ್ಯಾಕ್ಟರಿನವನೊಬ್ಬ ಸುತ್ತು ಹೊಡೆದು ಹೋಗಬೇಕಾಯಿತೆಂದು ಬಾಯಿಗೆ ಬಂದಂತೆ ಬೈದ. ಆಯಿ, "ಬೈಯಪಾ, ಬೈದು ಸಾಕಾದ ಮ್ಯಾಲೆ ಹಿಂದಕ್ಕ ತಿರುಗಸು," ಅಂದಳು. ನಾನು ಸಾಹೇಬರಿಗೆ ಫೋನು ಹಚ್ಚಿ ಅಂಬಿಗನ ಕೈಗೆ ಕೊಟ್ಟೆ. ಹೊತ್ತು ಮುಳುಗುವ ಮೊದಲೇ ಅವರು ಬಂದರು. ಕೊಟ್ಟ ಮಾತು ಉಳಿಸಿಕೊಂಡರು. ಮರುದಿನ ರಸ್ತೆ ಅಧಿಕೃತವಾಗಿ ಬಂದಾಯಿತು, ವಾರದೊಳಗೆ ಅವರ ಜನ ಬಂದು ನೋಡಿ ಅಂಬಿಗ ಹೇಳಿದ್ದನ್ನೇ ಹೇಳಿದರು. ಇನ್ನೊಂದು ದೊಡ್ಡ ಹೊಳೆ ಬಂದಿದ್ದರೆ ಕಂಬ ನಿಲ್ಲುತ್ತಿರಲಿಲ್ಲವಂತೆ.

ಊರಿನವರು ನನ್ನನ್ನು ಹೊಗಳಿದರು. ಶಾಲೆಯಲ್ಲಿ ಶಾಲು ಹೊದಿಸಿ ಸತ್ಕಾರ ಮಾಡುತ್ತೇವೆ, ದಿನ ಹೇಳಿರಿ ಅಂದರು. ನಾನು ಲ್ಯಾಬಿನಲ್ಲಿ ವರದಿ ಬರೆಯುತ್ತ ಕೂತಿದ್ದೆ. ನೋಟ್‌ಬುಕ್ಕಿನ ತಾರೀಖುಗಳನ್ನು ಒಂದರ ಕೆಳಗೊಂದು ಇಳಿಸಿದಾಗ ಕಂಡಿತು: ಡಬ್ಬಿ ಜುಲೈ ಮೊದಲ ವಾರವೇ ಹೇಳಿತ್ತು. ಸ್ಪಷ್ಟವಾಗಿ ಹೇಳಿತ್ತು. ನಾನು ಎರಡು ಗುಂಡು ಕಟ್ಟಿ ಅದರ ಬಾಯಿ ಮುಚ್ಚಿದ್ದೆ. ಅದನ್ನು ಹಾಗೇ ಒಂದು ಸಾಲಿನಲ್ಲಿ ಬರೆದೆ.

ಸಾಹೇಬರು ತಮ್ಮ ಪ್ರತಿಯನ್ನು ಓದಿ ಆ ಸಾಲಿನ ಮೇಲೆ ಪೆನ್ನಿಟ್ಟರು. "ಇದ್ಯಾಕ ಬೇಕ್ರಿ ಮೇಡಂ? ನೀವು ಉಳಿಸಿದವರು. ಇದನ್ನ ಯಾರೂ ಕೇಳೂದಿಲ್ಲ."

ಇರಲಿ ಅಂದೆ. ಅಲ್ಲಿಂದ ನೇರ ಸೇತುವೆಗೆ ಹೋದೆ. ರಸ್ತೆ ನಿಂತದ್ದಕ್ಕೆ ಅಂಗಡಿಗೆ ಗಿರಾಕಿ ಇರಲಿಲ್ಲ. ಆಯಿ ಒಬ್ಬಳೇ ಕೂತು ಶೇಂಗಾ ಸುಲಿಯುತ್ತಿದ್ದಳು. ಶಾಲು ಹೊದಿಸುವ ದಿನ ಯಾವಾಗ ಅಂತ ಕೇಳಿದಳು. ಶಾಲು ಬೇಡ ಅಂದೆ. ಯಾಕೆ ಅಂದಾಗ ಹೇಳಿದೆ, ಗುಂಡು ಕಟ್ಟಿದ್ದನ್ನು, ಯಾವ ವಾರ ಕಟ್ಟಿದ್ದು, ಕಟ್ಟದಿದ್ದರೆ ಏನು ಗೊತ್ತಾಗುತ್ತಿತ್ತು, ಎಲ್ಲ. ಆಯಿಯ ಕೈ ನಿಂತಿತು.

"ಐದ ವಾರ," ಅಂದಳು.

"ಹೌದ್ರಿ ಆಯಿ."

"ಗೊತ್ತಿದ್ದು ಸುಮ್ಮಕಿದ್ದೇನು?" ಅಲ್ಲಿಯ ತನಕ ನನಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ.

"ಇಲ್ರಿ. ಕಣ್ಣಮುಂದ ಇತ್ತು. ನಾ ನೋಡ್ಲಿಲ್ಲ."

"ನಮ್ಮ ಹುಡುಗಿ ದಿನಾ ಎರಡ ಸಲ ಅದರ ಮ್ಯಾಲೆ ಹೋಗಿ ಬಂದಾಳ."

"ಹೌದ್ರಿ."

 ಆಯಿ ಶೇಂಗಾದ ಮೊರವನ್ನು ಬದಿಗಿಟ್ಟಳು.

"ಅದನ್ನ ಬರದೀಯೇನು ಆ ಕಾಗದದಾಗ?"

"ಬರದೇನ್ರಿ."

"ಓದು."

ನಾನು ವರದಿ ತೆಗೆದು ಓದಿದೆ. ‘ಜುಲೈ ಮೊದಲ ವಾರದಿಂದಲೇ ಮೂರನೆಯ ಕಂಬದ ಓಲಾಟ ನಿಧಾನವಾಗುತ್ತ ಬಂದದ್ದನ್ನು ಡಬ್ಬಿ ತೋರಿಸಿತ್ತು, ಉಪಕರಣ ಕೆಟ್ಟಿದೆಯೆಂದು ತಿಳಿದು ನಾನು ಭಾರ ಕಟ್ಟಿ ಆ ಸೂಚನೆಯನ್ನು ಅಳಿಸಿದೆ, ಮುಂದಿನ ಐದು ವಾರ ಊರಿನವರೂ ಶಾಲೆಯ ಮಕ್ಕಳೂ ಅದೇ ಕಂಬದ ಮೇಲೆ ಓಡಾಡಿದರು.’ ಗಡಿಯಾರದಲ್ಲಿ ಗಂಟೆ ನೋಡಿ ಹೇಳುವವಳ ದನಿಯಲ್ಲಿ ಓದಿದೆ.

"ಇನ್ನೊಮ್ಮೆ ಓದು," ಅಂದಳು ಆಯಿ.

ಮತ್ತೆ ಓದತೊಡಗಿದೆ. ‘ಶಾಲೆಯ ಮಕ್ಕಳೂ’ ಎನ್ನುವಲ್ಲಿಗೆ ಬಂದಾಗ ಓದು ನಿಂತಿತು. ಅವ್ವನನ್ನು ಮಣ್ಣು ಮಾಡಿದ ದಿನವೂ ಬಾರದ ಅಳು ಬಂತು, ಸದ್ದು ಮಾಡಿಕೊಂಡು ಬಂತು, ಕಾಗದ ಕಾಣಿಸಲಿಲ್ಲ. ಆಯಿ ನನ್ನ ಬೆನ್ನ ಮೇಲೆ ಕೈಯಿಡಲಿಲ್ಲ, ಸಾಕು ಬಿಡು ಅನ್ನಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಆ ಸಾಲನ್ನು ಕೊನೆಯ ತನಕ ಓದಿ ಮುಗಿಸುವವರೆಗೆ ಎದುರಿಗೆ ಕೂತು ಕೇಳಿದಳು.